ಒಪ್ಪಿರುತ್ತಾರೆ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅವರು ವರ್ಷಗಟ್ಟಲೆ ಕಂಡಕ್ಟರಾಗಿದ್ದ ಬಸ್ಸಿನಲ್ಲೇ. ಬೆಳಿಗ್ಗೆ ತುಮಕೂರು ಬಿಟ್ಟು ಗುಬ್ಬಿಯ ಮೇಲೆ ಕಡಬಕ್ಕೆ ಹೋಗುವ ಸರ್ಕಾರಿ ಬಸ್ಸು ಅದು. ಅವರ ಜಾಗಕ್ಕೆ ಬಂದಿದ್ದ ಹೊಸ ಕಂಡಕ್ಟರು ನನ್ನ ಪಾಸು ನೋಡಿ ವಾಪಸು ಕೊಡುತ್ತಾ, ‘ಸಾರ್, ನಮ್ ಕಡಬದಣ್ಣ ಹೋಗ್ಬುಟ್ರು. ನೆನ್ನೆ ಮಧ್ಯಾಹ್ನ ಊಟ ಮಾಡಿ ಎದ್ದೋರು ಅಂಗೇ ಕುಸುದ್ರಂತೆ’ ಎಂದರು. ನಾನು ಅಯ್ಯೋ ಎಂದೆ. ಆ ಮಾತು ಬಾಯಿಂದ ಬಂತೇ ಹೊರತು ಒಳಗಿನಿಂದ ಬರಲಿಲ್ಲ. ಒಳಗೆ ಬಂದದ್ದು ಬೇರೆ. ಗೊತ್ತಿದ್ದವರು ಅವರೊಬ್ಬರೇ, ಅವರೂ ಹೋದರಲ್ಲ ಎಂಬ ಹಗುರ. ಹೆಗ್ಗೆರೆ ದಾಟಿ ಮಲ್ಲಸಂದ್ರ ಬರುವ ತನಕ ಆ ಹಗುರ ನನ್ನ ಜೊತೆಗೇ ಇತ್ತು. ದುಃಖ ಆಮೇಲೆ ಬಂತು. ಬರೆಯುವುದೇ ಆದರೆ ಇದನ್ನೇ ಮೊದಲು ಬರೆಯಬೇಕು ಅನ್ನಿಸಿತು.

ನಾನು ವಿಕಲಚೇತನ ಮಕ್ಕಳ ಸಂಪನ್ಮೂಲ ಶಿಕ್ಷಕ. ಒಂದು ಶಾಲೆಗೆ ಸೇರಿದ ಮೇಷ್ಟ್ರಲ್ಲ. ಪಟ್ಟಿ ಹಿಡಿದುಕೊಂಡು ಮನೆ ಮನೆಗೂ ಶಾಲೆ ಶಾಲೆಗೂ ಓಡಾಡಿ, ಯಾವ ಮಗುವಿಗೆ ಏನು ಬೇಕು, ಅದು ಶಾಲೆಗೆ ಬರಬೇಕೋ ಮನೆಯಲ್ಲೇ ಕಲಿಯಬೇಕೋ ಎಂದು ವರ್ಷಕ್ಕೊಂದು ಯೋಜನೆ ಬರೆಯುವವನು. ಹುಟ್ಟಿದ್ದು ಕುಣಿಗಲ್ ಕಡೆ, ಮನೆ ಮಾಡಿರುವುದು ತುಮಕೂರಲ್ಲಿ, ಕೆಲಸ ಗುಬ್ಬಿ ಕಡೆ. ಹಾಗಾಗಿ ನನ್ನ ಅರ್ಧ ಆಯಸ್ಸು ಬಸ್ಸಿನಲ್ಲೇ ಕಳೆಯಿತು, ಅದರಲ್ಲೂ ಬಹುಪಾಲು ಅವರ ಬಸ್ಸಿನಲ್ಲಿ.

ಎಲ್ಲರೂ ಅವರನ್ನು ಕಡಬದಣ್ಣ ಎನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. ಟಿಕೆಟ್ ಕೊಡುವ ಮಿಷಿನ್ನು ಬಂದು ಎಷ್ಟು ವರ್ಷವಾದರೂ ಕಿವಿಯ ಮೇಲೆ ಪೆನ್ಸಿಲ್ ಇರಲೇಬೇಕು. ಯಾಕೆ ಎಂದರೆ, ಮಿಷಿನ್ನು ಕೈ ಕೊಟ್ಟರೂ ಕಿವಿ ಕೈ ಕೊಡಲ್ಲ ಎನ್ನುತ್ತಿದ್ದರು. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರಿಗೆ ಬಯ್ಯುತ್ತಿರಲಿಲ್ಲ. ‘ಒಳಗ್ ಬನ್ರಪ್ಪ, ಬಸ್ಸಿಗೆ ಬಾಯೊಂದೇ ಅಲ್ಲ, ಹೊಟ್ಟೆನೂ ಐತೆ’ ಎನ್ನುತ್ತಿದ್ದರು. ಕೊರಳಲ್ಲಿ ವಿಷಲ್ ಇದ್ದರೂ ಊದಿದ್ದು ಕಡಿಮೆ. ಅಂಗೈಯಲ್ಲಿ ಬಸ್ಸಿನ ಪಕ್ಕೆಗೆ ಎರಡು ಸಲ ಬಡಿದರೆ ಮುಗಿಯಿತು, ಅದೇ ರೈಟ್.

ಆದರೆ ಆ ಎರಡು ಬಡಿತಕ್ಕೆ ಮುಂಚೆ ಒಂದು ಶಾಸ್ತ್ರ ಇತ್ತು. ಪ್ರತಿ ನಿಲ್ದಾಣದಲ್ಲೂ ಕೆಳಗಿಳಿದು ಹಿಂದಿನ ಚಕ್ರದ ತನಕ ನಡೆದು ನೋಡಿ ಬರುತ್ತಿದ್ದರು. ಒಂದು ಸಲ ಮಲ್ಲಸಂದ್ರದಲ್ಲಿ ಡ್ರೈವರಿಗೆ ಅವಸರ. ‘ಎಲ್ಲಾ ಹತ್ತಿರ್ತಾರೆ ಬುಡಣ್ಣ, ರೈಟ್ ಹೇಳು’ ಎಂದ. ಇವರು ಇಳಿದು ಹಿಂದಕ್ಕೆ ನಡೆದರು. ಬಸ್ಸಿನ ಹಿಂದೆ ಒಬ್ಬ ಅಜ್ಜಿ ಗಂಟು ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದಳು. ಅಜ್ಜಿಯನ್ನೂ ಗಂಟನ್ನೂ ಹತ್ತಿಸಿ, ಡ್ರೈವರಿನ ಕಡೆ ನೋಡಿ, ‘ಈಗ ಹತ್ತವ್ರೆ’ ಎಂದರು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಆ ಮಾತು ಮುಂದೆ ನನ್ನ ಮೇಲೇ ಬಂದು ಕೂರುತ್ತದೆ ಎಂದು ಆಗ ಹೇಗೆ ಗೊತ್ತಾಗಬೇಕು.

ಅವರ ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡನ ಮನೆ ಬಿಟ್ಟು ಬಂದ ತಂಗಿ, ತಂಗಿಯ ಮಗಳು, ಇವರು — ಕಡಬದ ಕೆರೆ ಏರಿಯ ಕೆಳಗಿನ ಮನೆಯಲ್ಲಿ ಮೂವರು. ಆ ಮಗುವಿಗೆ ಹುಟ್ಟಿನಿಂದಲೇ ಕೈಕಾಲು ಬಿಗಿ. ನಡೆಯಲು ಆಗುವುದಿಲ್ಲ, ಮಾತು ನಿಧಾನ, ಒಂದೊಂದು ಪದವನ್ನೂ ಎಳೆದು ತರಬೇಕು. ಶಾಲೆಯ ದಾಖಲೆಯಲ್ಲೂ ನನ್ನ ಪಟ್ಟಿಯಲ್ಲೂ ಪೋಷಕರು ಎಂಬ ಕಡೆ ಇದ್ದದ್ದು ಇವರ ಹೆಸರೇ. ಮೂರನೇ ಕ್ಲಾಸಿನ ತನಕ ತಂಗಿ ದಿನಾ ಅವಳನ್ನು ಎತ್ತಿಕೊಂಡು ಹೋಗಿ ಶಾಲೆಯಲ್ಲಿ ಕೂರಿಸಿ ಬರುತ್ತಿದ್ದರು.

ನಾನು ಆ ಮಗುವನ್ನು ಒಂದೇ ಸಲ, ತಪಾಸಣಾ ಶಿಬಿರದಲ್ಲಿ ನೋಡಿದ್ದೆ. ಬಿಸಿಲಿಗೆ ಬಳಲಿ ಅಮ್ಮನ ಹೆಗಲ ಮೇಲೆ ಮಲಗಿತ್ತು. ಅದನ್ನೇ ನೋಡಿ, ಪಾಪ ಇದಕ್ಕೆ ಶಾಲೆ ಯಾಕೆ, ಮನೆಯಲ್ಲೇ ಆರಾಮವಾಗಿರಲಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಶಾಲೆಯ ಹೆಡ್‌ಮಾಸ್ಟರಿಗೂ ಅದೇ ಬೇಕಿತ್ತು, ಯಾಕೆಂದರೆ ಅಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರೂ ಇರಲಿಲ್ಲ, ಈ ಮಗು ಬಳಸುವಂಥ ಶೌಚಾಲಯವೂ ಇರಲಿಲ್ಲ. ಮಗು ಮನೆಯಲ್ಲೇ ಇರುತ್ತದೆ, ಮೇಷ್ಟ್ರು ವಾರಕ್ಕೊಂದು ಸಲ ಹೋಗಿ ಹೇಳಿಕೊಡುತ್ತಾರೆ. ಇದಕ್ಕೆ ಕಾಗದದಲ್ಲಿ ಗೃಹಾಧಾರಿತ ಶಿಕ್ಷಣ ಎಂದು ಹೆಸರು. ಆ ವರ್ಷ ಈ ಯೋಜನೆಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಸಭೆಗೆ ಎರಡು ದಿನ ಇರುವಾಗ ನಾನು ಮನೆಯಲ್ಲಿ ಕೂತು ಒಂದೇ ಸಲಕ್ಕೆ ಅಷ್ಟೂ ಮಕ್ಕಳ ಯೋಜನೆ ಬರೆದು ಮುಗಿಸಿದೆ. ಈ ಮಗುವಿನದರಲ್ಲಿ ಹೀಗೆ ಬರೆದೆ: ‘ಗೃಹಭೇಟಿ ನೀಡಿ ಚರ್ಚಿಸಲಾಗಿ, ಗೃಹಾಧಾರಿತ ಶಿಕ್ಷಣಕ್ಕೆ ಪೋಷಕರು ಒಪ್ಪಿರುತ್ತಾರೆ.’ ಪೋಷಕರ ಸಹಿಯ ಜಾಗದಲ್ಲಿ ‘ನಂತರ ಪಡೆಯಲಾಗುವುದು’ ಎಂದು ಸೇರಿಸಿದೆ.

ನನ್ನ ಕಚೇರಿ ಕನ್ನಡಕ್ಕೆ ಹೆಸರಿತ್ತು. ಬಂದಿರುತ್ತಾರೆ, ಹೋಗಿರುತ್ತಾರೆ, ಸಲ್ಲಿಸಿರುತ್ತಾರೆ ಎಂದು ತಡೆಯಿಲ್ಲದೆ ಬರೆಯುತ್ತಿದ್ದೆ. ಪಕ್ಕದ ಮೇಜಿನವರು ಟಿಪ್ಪಣಿ ಬರೆಸಲು ನನ್ನ ಹತ್ತಿರ ಬರುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ.

ಭೇಟಿ ನೀಡಿದ ದಿನಾಂಕ ಬೇಕಲ್ಲ. ನಾನು ಆರಿಸಿಕೊಂಡದ್ದು ಆ ತಿಂಗಳ ಒಂದು ಗುರುವಾರ. ಆ ದಿನವೇ ಯಾಕೆ ಎಂಬುದಕ್ಕೆ ಕಾರಣ ಇತ್ತು. ಆವತ್ತು ನನ್ನ ನಾದಿನಿಯ ಮಗುವಿಗೆ ಯಡಿಯೂರಿನಲ್ಲಿ ಮುಡಿ ತೆಗೆಸುವ ಕಾರ್ಯ. ರಜೆ ಹಾಕಿರಲಿಲ್ಲ. ಯಾರು ಎಲ್ಲಿಗೆ ಹೋದರು ಎಂದು ಬರೆಯುವ ಚಲನವಲನ ವಹಿಯಲ್ಲಿ ‘ಕ್ಷೇತ್ರ ಭೇಟಿ, ಕಡಬ’ ಎಂದು ಬರೆದು ಹೋಗಿದ್ದೆ. ಯೋಜನೆಯಲ್ಲೂ ಅದೇ ದಿನಾಂಕ ಹಾಕಿದರೆ ಎರಡೂ ಕಡೆ ತಾಳೆಯಾಗುತ್ತದೆ ಎಂಬ ಜಾಣತನ. ಒಂದೇ ಸುಳ್ಳಿನಲ್ಲಿ ರಜೆಯೂ ಉಳಿಯಿತು, ಕೆಲಸವೂ ಮುಗಿಯಿತು.

ನಾನು ಲೆಕ್ಕಕ್ಕೆ ಹಿಡಿಯದೇ ಹೋದದ್ದು ಒಂದನ್ನೇ. ಆ ಗುರುವಾರ ತುಮಕೂರಿನಿಂದ ಕುಣಿಗಲ್ ಮೇಲೆ ಯಡಿಯೂರಿಗೆ ಹೋಗುವ ಬಸ್ಸಿಗೆ ಬದಲಿ ಡ್ಯೂಟಿಯಲ್ಲಿ ಬಂದಿದ್ದವರು ಇವರೇ. ನಾನು ಜರಿ ಪಂಚೆಯಲ್ಲಿ, ಹೆಂಡತಿ ರೇಷ್ಮೆ ಸೀರೆಯಲ್ಲಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ‘ಏನ್ ಮೇಷ್ಟ್ರೇ, ಇವತ್ತು ರಜಾನಾ?’ ಎಂದು ಕೇಳಿದರು. ‘ಡ್ಯೂಟಿ ಮೇಲೇ ಇದೀನಿ ಅಂದ್ಕೊಳ್ಳಿ ಅಣ್ಣ’ ಎಂದು ನಾನು ಕಣ್ಣು ಮಿಟುಕಿಸಿದೆ. ಅವರು ನಕ್ಕು ಟಿಕೆಟ್ ಹರಿದುಕೊಟ್ಟರು. ಇಳಿಯುವಾಗ ಹಣ್ಣಿನ ಬುಟ್ಟಿಗೆ ಕೈ ಕೊಟ್ಟವರೂ ಅವರೇ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ತಂಗಿ ಮಗುವನ್ನು ಎತ್ತಿಕೊಂಡು ಹೋದರೆ, ಇವಳ ಹೆಸರು ಮನೆಪಾಠದ ಪಟ್ಟಿಗೆ ಹೋಗಿದೆ, ಇನ್ನು ಕರೆದುಕೊಂಡು ಬರಬೇಡಿ ಎಂದು ವಾಪಸು ಕಳಿಸಿದರು. ಹೊಸ ಯೂನಿಫಾರ್ಮ್ ಹಾಕಿಕೊಂಡಿದ್ದ ಮಗು ಸಂಜೆಯ ತನಕ ಅದನ್ನು ಬಿಚ್ಚಲು ಬಿಡಲಿಲ್ಲವಂತೆ. ಮಾರನೇ ದಿನ ಬಸ್ಸಿನಲ್ಲಿ ಅವರು ನನ್ನ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತರು.

‘ನಮ್ ಪಾಪುನ ಮನೇಲೇ ಇಟ್ಕೊಳ್ಳಿ ಅಂತ ಬರೆದೋರು ಯಾರು ಮೇಷ್ಟ್ರೇ?’

ಅದು ಸಮಿತಿಯ ತೀರ್ಮಾನ ಎಂದೆ. ಸಮಿತಿಯಲ್ಲಿ ಯಾರ್ಯಾರು ಎಂದರು. ನಾನೂ ಇದ್ದೇನೆ ಎಂದು ಒಪ್ಪಿಕೊಳ್ಳಬೇಕಾಯಿತು. ಹಾಗಾದರೆ ಅದರ ಒಂದು ಕಾಪಿ ಕೊಡಿ ಎಂದರು. ಅರ್ಜಿ ಕೊಡಿ ಎಂದೆ. ಕೊಟ್ಟರು. ಅದಕ್ಕೆ ನಾನೇ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸಿದ್ಧಪಡಿಸಿ ದಿನ ತಳ್ಳಿದೆ. ಪ್ರತಿದಿನ ಅದೇ ಬಸ್ಸಿನಲ್ಲಿ, ಅದೇ ಮನುಷ್ಯನ ಎದುರಿಗೆ ಕೂತುಕೊಂಡು. ಅವರು ಒಂದು ದಿನವೂ ಮುಖ ತಿರುಗಿಸಲಿಲ್ಲ. ನನಗೇ ಕಿಟಕಿಯಾಚೆ ನೋಡುವ ಅಭ್ಯಾಸವಾಯಿತು.

ಕಡೆಗೆ ಅವರಿಗೆ ತುಮಕೂರಿನಲ್ಲಿ ಉಚಿತ ಕಾನೂನು ನೆರವು ಕೊಡುವ ಕಡೆ ಒಬ್ಬ ಹುಡುಗಿ ವಕೀಲೆ ಸಿಕ್ಕರು. ಆಕೆಯ ನೋಟಿಸು ಬಂದ ಮೇಲೆ ಕಾಪಿ ಸಿಕ್ಕಿತು. ಕಾಪಿ ಸಿಕ್ಕ ಮೇಲೆ, ಹತ್ತಿರದ ಶಾಲೆಯಲ್ಲಿ ಎಲ್ಲ ಮಕ್ಕಳ ಜೊತೆ ಕೂರುವುದು ಈ ಮಗುವಿನ ಹಕ್ಕು, ಈ ಯೋಜನೆ ರದ್ದಾಗಬೇಕು ಎಂದು ಅಂಗವಿಕಲರ ದೂರು ಕೇಳುವ ಅಧಿಕಾರಿಗಳ ಮುಂದೆ ದೂರು ಬಿತ್ತು. ಕಾಪಿಯಲ್ಲಿ ಆ ಗುರುವಾರದ ದಿನಾಂಕ ಇತ್ತು. ಅದನ್ನು ಕಡಬದಣ್ಣ ಓದಿಯೇ ಓದುತ್ತಾರೆ, ಓದಿದರೆ ರೇಷ್ಮೆ ಸೀರೆ, ಹಣ್ಣಿನ ಬುಟ್ಟಿ ಎಲ್ಲವೂ ಅವರಿಗೆ ನೆನಪಾಗುತ್ತದೆ ಎಂದು ನನಗೆ ಗೊತ್ತಿತ್ತು. ವಿಚಾರಣೆಯ ದಿನದ ತನಕ ನನಗೆ ಅನ್ನ ಸೇರಲಿಲ್ಲ. ಮಗುವಿನ ಚಿಂತೆ ಎಂದು ಹೆಂಡತಿಗೆ ಹೇಳಿದೆ. ಚಿಂತೆ ನನ್ನ ನೌಕರಿಯದಾಗಿತ್ತು.

ವಿಚಾರಣೆ ತುಮಕೂರಿನ ಒಂದು ಸರ್ಕಾರಿ ಸಭಾಂಗಣದಲ್ಲಿ. ಅವರು ಖಾಕಿಯಲ್ಲೇ ಬಂದಿದ್ದರು, ಕಿವಿಯ ಮೇಲೆ ಪೆನ್ಸಿಲ್ ಇತ್ತು. ಅಧಿಕಾರಿಗಳು ಮೊದಲು ನನ್ನನ್ನೇ ಕರೆದು, ಇವರ ಮನೆಗೆ ಹೋಗಿದ್ದೀರಾ ಎಂದು ಕೇಳಿದರು. ನಾನು ಎದ್ದು ನಿಂತು, ‘ಭೇಟಿ ನೀಡಿರುತ್ತೇನೆ ಸರ್’ ಎಂದೆ. ಮನುಷ್ಯರು ಮಾತಾಡುವಾಗ ಯಾರೂ ಹೀಗೆ ಅನ್ನುವುದಿಲ್ಲ. ಹೆದರಿದಾಗ ನನ್ನ ಬಾಯಿಗೆ ಬಂದದ್ದು ಆ ಕಾಗದದ ಭಾಷೆಯೇ.

ಆಮೇಲೆ ಅವರ ಸರದಿ. ಎದ್ದು, ಮುಂದಿನ ಕುರ್ಚಿಯ ಬೆನ್ನನ್ನು ಬಸ್ಸಿನ ಕಂಬಿಯಂತೆ ಹಿಡಿದುಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಯಡಿಯೂರು ಎಂಬ ಹೆಸರು ಇನ್ನೇನು ಬರುತ್ತದೆ ಎಂದು ಕಾದೆ.

‘ಸ್ವಾಮಿ, ನಂದೊಂದೇ ಅನುಮಾನ’ ಎಂದರು. ‘ಇದ್ರಲ್ಲಿ ಪೋಷಕರು ಒಪ್ಪಿರುತ್ತಾರೆ ಅಂತ ಐತೆ. ಒಪ್ಪಿದಾರೆ ಅಂತ ಇಲ್ಲ. ನಮ್ ಕಡೆ, ಅವ್ರು ಉಂಡಿರ್ತಾರೆ ಅಂದ್ರೆ, ನಾವು ನೋಡಿಲ್ಲ, ಕೇಳಿಲ್ಲ, ಉಂಡಿರಬೌದು ಅಂತ.’

ಅಧಿಕಾರಿಗಳು ನಕ್ಕು, ಅದು ಕಚೇರಿಯಲ್ಲಿ ಬರೆಯುವ ರೀತಿ, ಒಪ್ಪಿದ್ದಾರೆ ಎಂದೇ ಅದರ ಅರ್ಥ ಎಂದು ತಿಳಿಸಿ ಹೇಳಿದರು.

‘ಇರಬೌದು ಸ್ವಾಮಿ. ಆದ್ರೆ ಎಲ್ಲಾ ಹತ್ತಿದ್ರಾ ಅಂತ ಕೇಳ್ದಾಗ ನಾನು ಹತ್ತಿರ್ತಾರೆ ಅಂದ್ರೆ ಡ್ರೈವರ್ ಗಾಡಿ ಎತ್ತಬಾರ್ದು. ಎತ್ತಿದ್ರೆ ಯಾರಾದ್ರೂ ಚಕ್ರದಡಿ ಇರ್ತಾರೆ. ನನ್ನ ಯಾರೂ ಕೇಳಿಲ್ಲ, ನಾನು ಒಪ್ಪಿಲ್ಲ. ಮಗು ಸ್ಕೂಲಿಗೆ ಹೋಗ್ಬೇಕು ಅಂತ ಅಳ್ತದೆ. ಇಷ್ಟೇ ನಾನು ಹೇಳೋದು.’

ಅಷ್ಟಕ್ಕೇ ಕೂತುಬಿಟ್ಟರು. ಅಧಿಕಾರಿಗಳು ನಗು ನಿಲ್ಲಿಸಿ ನನ್ನ ಕಡೆ ತಿರುಗಿ, ಇವರನ್ನು ಕೇಳಿದ್ದೀರಾ, ಇಲ್ಲವಾ, ಎರಡರಲ್ಲಿ ಒಂದು ಹೇಳಿ ಎಂದರು. ಕೇಳಿಲ್ಲ ಎಂದು ಹೇಳುವ ಅವಕಾಶವನ್ನು ಆ ಮನುಷ್ಯ ನನ್ನ ಕೈಗೆ ಇಟ್ಟಿದ್ದರು. ನಾನು, ‘ಸರಿಯಾಗಿ ನೆನಪಿಲ್ಲ ಸರ್’ ಎಂದೆ. ಒಪ್ಪಿಗೆ ಪಡೆದದ್ದಕ್ಕೆ ಆಧಾರವಿಲ್ಲ, ಮನೆಗೆ ಹೋಗಿ ಕೇಳಿ ಹೊಸ ಯೋಜನೆ ಮಾಡಬೇಕು, ಅಲ್ಲಿಯ ತನಕ ಮಗು ಶಾಲೆಯಲ್ಲೇ ಇರಬೇಕು, ಇಳಿಜಾರೂ ಶೌಚಾಲಯವೂ ಆಗಬೇಕು ಎಂದು ಆದೇಶವಾಯಿತು. ನನಗೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟರು.

ಹೊರಗೆ ಟೀ ಅಂಗಡಿಯ ಮುಂದೆ ಅವರೇ ನನ್ನನ್ನು ಕರೆದು ಲೋಟ ಕೈಗೆ ಕೊಟ್ಟರು. ವಕೀಲೆ ಸ್ವಲ್ಪ ದೂರದಲ್ಲಿ ಫೋನಿನಲ್ಲಿದ್ದರು. ಆಕೆಯೂ ಒಳಗೆ ಯಡಿಯೂರಿನ ಮಾತೆತ್ತಿರಲಿಲ್ಲ, ಅಂದರೆ ಆ ಹುಡುಗಿಗೂ ಇವರು ಆ ದಿನದ ವಿಷಯ ಹೇಳಿರಲಿಲ್ಲ ಎಂಬುದು ನನಗೆ ಆಗ ಖಚಿತವಾಯಿತು. ಅವತ್ತಿನ ಯಡಿಯೂರು ಬಸ್ಸು, ಎಂದು ನಾನು ಶುರು ಮಾಡಿ ಅಲ್ಲೇ ನಿಲ್ಲಿಸಿದೆ.

‘ಹೇಳಿದ್ರೆ ನಿಮ್ಮನ್ನ ಎತ್ತಂಗಡಿ ಮಾಡೋರು’ ಎಂದರು ಅವರು. ‘ಆಮೇಲೆ ಪಾಪುಗೆ ಹೇಳ್ಕೊಡೋರು ಯಾರು? ಈ ಕಡೆಗೆಲ್ಲಾ ನೀವೊಬ್ರೇ ಇರೋದು. ಗುರುವಾರ ಮನೆ ಕಡೆ ಬನ್ನಿ.’

ಕ್ಷಮಿಸಿದೆ ಎನ್ನಲಿಲ್ಲ. ಅವರಿಗೆ ನನ್ನಿಂದ ಆಗಬೇಕಾದ ಕೆಲಸವಿತ್ತು, ಅದಕ್ಕೆ ನಾನು ಕುರ್ಚಿಯಲ್ಲಿ ಉಳಿಯಬೇಕಿತ್ತು, ಉಳಿಸಿಕೊಂಡರು. ಬಯ್ದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೇನೋ.

ಗುರುವಾರ ಹೋದೆ. ಅದು ಆ ಮನೆಗೆ ನನ್ನ ನಿಜವಾದ ಮೊದಲ ಭೇಟಿ. ಮಗು ಗೋಡೆಗೆ ಒರಗಿಕೊಂಡು ಕೂತಿತ್ತು. ಎಣಿಸಲು ಬರುತ್ತದಾ ಎಂದು ಕೇಳಿದೆ. ಅದು ತುಮಕೂರಿನಿಂದ ಕಡಬದ ತನಕ ಅಷ್ಟೂ ನಿಲ್ದಾಣಗಳನ್ನು ಒಂದೂ ಬಿಡದೆ, ತಡೆದು ತಡೆದು ಹೇಳಿ, ಗುಬ್ಬಿ ಎಷ್ಟನೆಯದು ಎಂದು ನನ್ನನ್ನೇ ಕೇಳಿತು. ನನಗೆ ಬರಲಿಲ್ಲ. ದಿನಾ ಅದೇ ದಾರಿಯಲ್ಲಿ ಓಡಾಡುವವನು ನಾನು. ಇಷ್ಟು ಬುದ್ಧಿಯ ಮಗುವಿಗೆ ಶಾಲೆ ಬೇಡ ಎಂದು ಬರೆದ ಕೈ ಇದೇ ಅಲ್ಲವೇ ಎಂದು ಆ ಗೋಡೆಯ ಮುಂದೆ ಕೂತು ನಾಚಿಕೊಂಡೆ. ಅಲ್ಲಿಂದ ಮುಂದೆ ಅವಳು ಶಾಲೆಗೆ ಹೋದಳು. ನಾನು ಗುರುವಾರ ಸಂಜೆಗಳಲ್ಲಿ ಅವಳ ಮನೆಗೆ ಹೋಗಿ ಪೆನ್ಸಿಲ್ ಹಿಡಿಯುವುದನ್ನೂ, ಕೀಲಿಮಣೆ ಒತ್ತುವುದನ್ನೂ ಹೇಳಿಕೊಟ್ಟೆ. ಯಾರೂ ಹೇಳದಿದ್ದರೂ ತಪ್ಪಿಸಲಿಲ್ಲ. ತಂಗಿ ಪ್ರತಿ ಸಲ ಅವಲಕ್ಕಿ, ಕಾಫಿ ತಂದಿಡುತ್ತಿದ್ದರು. ಅವರು ಡ್ಯೂಟಿ ಮುಗಿಸಿ ಬಂದರೆ ಜಗುಲಿಯಲ್ಲಿ ಕೂತು ಬಸ್ಸಿನ ಮೆಟ್ಟಿಲನ್ನು ಬಯ್ಯುತ್ತಿದ್ದರು. ‘ಈ ಮೆಟ್ಲು ಮಾಡ್ದೋನು ಒಂದಿನಾನಾದ್ರೂ ಅವ್ನ ಅವ್ವನ್ನ ಹತ್ತಿಸ್ಬೇಕಿತ್ತು’ ಎನ್ನುತ್ತಿದ್ದರು.

ತಪ್ಪಾಯಿತು ಅಣ್ಣ ಎಂಬ ಎರಡು ಪದವನ್ನು ನಾನು ಅಷ್ಟು ವರ್ಷವೂ ನಾಳೆಗೆ ಇಟ್ಟುಕೊಂಡೇ ಬಂದೆ. ಅವರು ರಿಟೈರ್ ಆದಾಗ ಬೀಳ್ಕೊಡುಗೆಗೆ ನನ್ನನ್ನೂ ಕರೆದರು. ಅಲ್ಲಿ ಹೇಳಬೇಕು ಎಂದುಕೊಂಡು ಹೋದವನು ಮೈಕ್ ಕೈಗೆ ಬಂದ ಕೂಡಲೇ, ಇವರು ಪ್ರಾಮಾಣಿಕತೆಯ ಪ್ರತಿರೂಪ ಎಂದು ಭಾಷಣ ಬಿಗಿದೆ. ಅವರು ಕೊರಳಿನ ಹಾರ ಸರಿ ಮಾಡಿಕೊಳ್ಳುತ್ತಾ ನನ್ನ ಕಡೆ ನೋಡಿದರು. ಬಸ್ಸಿನ ಹಿಂದೆ ಯಾರಾದರೂ ಉಳಿದಿದ್ದಾರಾ ಎಂದು ನೋಡುವಾಗಿನ ನೋಟವೇ ಅದು.

ಅವರು ಹೋಗಿ ಹದಿನೈದು ದಿನ ಕಳೆದ ಮೇಲೆ ನಾನು ಕಡಬಕ್ಕೆ ಹೋದೆ. ಮಾತಾಡಿಸಿಕೊಂಡು ಬರುವುದು ಒಂದು, ಅವಳ ಪರೀಕ್ಷೆಯ ಫಾರಂ ಇನ್ನೊಂದು. ಅವಳು ಈಗ ಹತ್ತನೇ ಕ್ಲಾಸು. ಅಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುತ್ತಾರೆ, ಬೇಕಾದರೆ ಮಗು ಹೇಳಿದ್ದನ್ನು ಬರೆದುಕೊಡಲು ಇನ್ನೊಬ್ಬರನ್ನು ಕೂರಿಸುತ್ತಾರೆ. ಸಾವಿನ ಮನೆ, ತೊಂದರೆ ಕೊಡಬಾರದು ಎಂದು ನಾನು ಬಸ್ಸಿನಲ್ಲೇ ಫಾರಂ ತುಂಬಿ ಇಟ್ಟುಕೊಂಡಿದ್ದೆ. ಅವಳು ಸಹಿ ಮಾಡಿದರೆ ಸಾಕಿತ್ತು.

ಅವಳು ಗಾಲಿಕುರ್ಚಿಯಲ್ಲಿ ಕೂತು ಫಾರಂ ತೊಡೆಯ ಮೇಲಿಟ್ಟುಕೊಂಡು ಓದಿದಳು. ನಿಧಾನವಾಗಿ, ಬೆರಳಿಟ್ಟು, ಒಂದೊಂದು ಸಾಲನ್ನೂ. ಬೆರಳು ಒಂದು ಕಡೆ ನಿಂತಿತು. ತಲೆ ಎತ್ತದೆ ಕೇಳಿದಳು.

‘ಸಾರ್, ಇದು ಯಡಿಯೂರಲ್ಲಿ ಬರ್ದಿದ್ದಾ?’

ನನಗೆ ಕಿವಿ ತಪ್ಪಿ ಕೇಳಿಸಿತೇನೋ ಅನ್ನಿಸಿತು. ಏನಮ್ಮ ಎಂದೆ. ಅವಳು ನಕ್ಕು, ಒಂದೊಂದೇ ಪದ ಎಳೆದು ತಂದು ಹೇಳಿದಳು.

‘ನಮ್ಮನೇಲಿ ಅಂಗೇ ಅನ್ನೋದು. ಹೋಂವರ್ಕ್ ಮಾಡ್ದೆ ಮಾಡಿದೀನಿ ಅಂದ್ರೆ ಮಾವ ಕೇಳ್ತಿದ್ರು, ಇದು ಯಡಿಯೂರಲ್ಲಿ ಮಾಡಿದ್ದಾ ಅಂತ. ಯಾಕೆ ಅಂತ ಕೇಳಿದ್ರೆ ಹೇಳ್ತಾನೇ ಇರ್ಲಿಲ್ಲ. ಇಲ್ಲಿ ನೋಡಿ, ಬರೆದುಕೊಡೋರು ಬೇಕು, ವಿದ್ಯಾರ್ಥಿನಿ ಒಪ್ಪಿರುತ್ತಾಳೆ ಅಂತ ಬರ್ದಿದೀರ. ನನ್ನ ಕೇಳೇ ಇಲ್ವಲ್ಲ.’

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ತಂಗಿಯ ಕೈ ನಿಂತಿತು. ಆಕೆ ನನ್ನನ್ನು ಒಮ್ಮೆ ನೋಡಿ ಸೆರಗಿನಿಂದ ಲೋಟ ಒರೆಸುತ್ತಾ ತಲೆ ತಗ್ಗಿಸಿದರು. ಆಕೆಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ಗುರುವಾರ ಅವಲಕ್ಕಿ ತಂದಿಟ್ಟಿದ್ದರು. ಗೊತ್ತಿದ್ದವರು ಒಬ್ಬರೇ ಎಂದು ಬಸ್ಸಿನಲ್ಲಿ ಹಗುರಾದ ನನ್ನ ಸುಳ್ಳು ಈ ಮನೆಯಲ್ಲಿ ದಿನಬಳಕೆಯ ಮಾತಾಗಿ ಬದುಕಿತ್ತು.

‘ಯಾಕಂಗಂತಾರೆ ಅಂತ ನಿಮ್ಗೊತ್ತಾ ಸಾರ್?’

‘ಗೊತ್ತು ಕಣಮ್ಮ’ ಎಂದೆ. ಚಾಪೆಯ ಮೇಲೆ ಕೂತು ಹೇಳಿದೆ. ರಜೆ ಹಾಕದೆ ಹೋದದ್ದು, ಹಣ್ಣಿನ ಬುಟ್ಟಿ, ವಹಿಯಲ್ಲಿ ಬರೆದದ್ದು, ನೆನಪಿಲ್ಲ ಸರ್ ಎಂದದ್ದು, ಎಲ್ಲವನ್ನೂ. ‘ಆ ಗುರುವಾರ ನಾನು ನಿಮ್ಮನೆಗೆ ಬರ್ಲಿಲ್ಲ. ನಿಮ್ ಮಾವನ್ನ ಕೇಳ್ಲಿಲ್ಲ. ತಪ್ಪು ಮಾಡ್ದೆ’ ಎಂದೆ. ಇದನ್ನು ಕೇಳಬೇಕಾದವರ ಫೋಟೋ ಗೋಡೆಯ ಮೇಲಿತ್ತು, ಹಾರ ಇನ್ನೂ ಹೊಸದಾಗಿತ್ತು.

ಅವಳು ಗೋಡೆಯ ಮೇಲಿನ ಫೋಟೋ ಕಡೆ ನೋಡಿದಳು. ಆ ಯೂನಿಫಾರ್ಮಿನ ದಿನ ನೆನಪಾಯಿತೋ ಏನೋ. ಆಮೇಲೆ ತೊಡೆಯ ಮೇಲಿದ್ದ ಫಾರಂ ಎತ್ತಿ ನನ್ನ ಕಡೆ ಚಾಚಿದಳು. ಅವಳಿಗೆ ಕೈ ಚಾಚಲು ಸ್ವಲ್ಪ ಸಮಯ ಹಿಡಿಯುತ್ತದೆ, ನಾನು ಕಾದೆ.

‘ಬೇರೆ ಫಾರಂ ಐತಾ ಸಾರ್?’

‘ಇದೆ.’

‘ತೆಗೀರಿ’ ಎಂದಳು. ‘ಈಗ ಕೇಳಿ.’